ಉಡಿ ತುಂಬಿದ ಮನೆಯ ವೋಟು

ರೋಹಿಣಿ ಹದಿನಾಲ್ಕು ವೋಟಿನಿಂದ ಸೋತಳು. ಸೋಲಿಸಿದವಳು ನಾನು. ಊರಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಶಂಭುಲಿಂಗನ ಓಡಾಟ, ನಮ್ಮ ಮಂದಿಯ ಒಗ್ಗಟ್ಟು, ಆಟೋ ಗುರುತಿನ ಅದೃಷ್ಟ ಅಂತ ಬಾಯಿಗೆ ಬಂದದ್ದು ಹೇಳುತ್ತಾರೆ. ಹೇಳಲಿ. ನನಗೆ ಗೊತ್ತಿರುವುದು ನನಗೆ ಗೊತ್ತು.

ಯಲ್ಲಾಪುರದಿಂದ ಹುಬ್ಬಳ್ಳಿ ಕಡೆ ಹೋಗುವಾಗ, ಕಿರವತ್ತಿ ಇನ್ನೂ ಮೂರು ಕಿಲೋಮೀಟರ್ ಇದೆ ಅನ್ನುವಾಗ, ಎಡಗಡೆ ನನ್ನ ಖಾನಾವಳಿ. ಬೋರ್ಡಿನ ಮೇಲೆ ನಮ್ಮನೆಯವರ ಹೆಸರಿದೆ, ನಡೆಸುವವಳು ನಾನು, ಗಿರಿಜವ್ವ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇಷ್ಟೇ. ಇಡ್ಲಿ ಇದೆಯಾ ಎಂದು ಕೇಳಿದವರನ್ನು ಎದುರಿನ ಹೋಟೆಲಿಗೆ ಕಳಿಸುತ್ತೇನೆ.

ರೊಟ್ಟಿ ಬಡಿಯುವವಳು ರೋಹಿಣಿ. ಹೆದ್ದಾರಿಯಿಂದ ಒಳಗೆ, ಕಾಡಿನ ಅಂಚಿಗಿರುವ ಸಿದ್ದಿ ಕೇರಿಯವಳು. ಸಿದ್ದಿಯರ ಹಿರಿಯರು ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದವರಂತೆ. ಈಗ ಈ ಕಾಡು ಅವರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ. ಆದರೂ ಆ ಗುಂಗುರು ಕೂದಲು, ಆ ಮೈಬಣ್ಣ ಕಂಡ ಕೂಡಲೇ ಜನಕ್ಕೆ ಅದೇನಾಗುತ್ತದೋ! ವಿಜಯಪುರದ ಲಾರಿ ಡ್ರೈವರನೊಬ್ಬ ಊಟಕ್ಕೆ ಕೂತವನು ಕೇಳಿದ, "ಏನ್ರಿ ಅಕ್ಕಾರ, ಈಕೀನ ಯಾವ ದೇಶದಿಂದ ತರಿಸೀರಿ?" ನಾನು ಬಾಯಿ ತೆಗೆಯುವ ಮೊದಲೇ ರೋಹಿಣಿ ಹಂಚಿನಿಂದ ಕಣ್ಣೆತ್ತದೆ ಹೇಳಿದಳು, "ಇಲ್ಲಿಂದ ಎರಡ ಕಿಲೋಮೀಟರ್ ರೀ ಅಣ್ಣಾ. ದಿನಾ ನಡಕೋತ ಬರ್ತೇನಿ. ನೀವ ಭಾಳ ದೂರದಿಂದ ಬಂದಂಗ ಕಾಣ್ತೈತಿ." ಕೂತವರೆಲ್ಲ ನಕ್ಕರು. ನಾನು ನಗಲಿಲ್ಲ. ಅವನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು, "ತಿನ್ನೂದಿದ್ರ ತಿನ್ನು, ಇಲ್ಲಾ ಎದ್ದ ನಡಿ" ಎಂದೆ. ಅವನು ತೆಪ್ಪಗೆ ತಿಂದು ಹೋದ. ಆ ದಿನದಿಂದ ನಾನು ಬಲು ದೊಡ್ಡ ಮನಸ್ಸಿನವಳು ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ.

ಚುನಾವಣೆಯ ಹೊತ್ತಿಗೆ ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದ್ದೆವು. ಅವಳ ಬಾಣಂತನಕ್ಕೆ ಅಂಟಿನುಂಡೆ ಕಟ್ಟಿಕೊಟ್ಟವಳು ನಾನು. ನನ್ನ ಗರ್ಭಕೋಶದ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಒಂಬತ್ತು ದಿನ ನನ್ನ ಪಕ್ಕದಲ್ಲಿ ನೆಲದ ಮೇಲೆ ಮಲಗಿದವಳು ಅವಳು. ನನ್ನ ಸ್ವಂತ ತಂಗಿ ಎರಡನೇ ದಿನಕ್ಕೇ ಬಸ್ಸು ಹತ್ತಿದ್ದಳು.

ಪಿಯುಸಿ ಓದಿದ ಹುಡುಗಿ. ಅರ್ಜಿ ಬರೆಯಲು ಬರುತ್ತಿತ್ತು, ಸಾಹೇಬರ ಎದುರು ನಿಂತು ಮಾತಾಡಲು ಬರುತ್ತಿತ್ತು. ಕೊರೋನಾ ವರ್ಷ ಹೆದ್ದಾರಿ ಬಣಗುಟ್ಟಿ ಖಾನಾವಳಿ ಮುಚ್ಚಿದಾಗ ಅವಳು ಮನೆಯಲ್ಲಿ ಕೂರಲಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದವರು, ಪಿಂಚಣಿ ನಿಂತುಹೋದ ಮುದುಕಿಯರು, ಎಲ್ಲರ ಕಾಗದ ಒಂದು ಚೀಲದಲ್ಲಿ ಹಾಕಿಕೊಂಡು ಯಲ್ಲಾಪುರಕ್ಕೆ ಅಲೆದಳು. ನಮ್ಮ ಓಣಿಯ ಸಿದ್ದವ್ವನ ವಿಧವಾ ಪಿಂಚಣಿ ಮತ್ತೆ ಶುರುವಾದದ್ದು ಅವಳಿಂದ. ಆಮೇಲೆ ನೀರಿನ ಬೆನ್ನು ಹತ್ತಿದಳು. ಶಾಲೆಯ ಹತ್ತಿರದ ಬೋರ್‌ವೆಲ್ಲಿನಿಂದ ನಮ್ಮ ಓಣಿಗೂ ಅವರ ಕೇರಿಗೂ ಒಂದೇ ಪೈಪು ಎಳೆಯುವ ಕೆಲಸ. ಎಂಟು ಸಲ ಓಡಾಡಿ ಅಳತೆ ಮಾಡಿಸಿದಳು, ಅಂದಾಜು ಪಟ್ಟಿ ತಯಾರಾಯಿತು. ಇನ್ನು ಪಂಚಾಯ್ತಿ ಸಭೆಯಲ್ಲಿ ಗಟ್ಟಿಯಾಗಿ ಕೇಳಿ ಪಾಸು ಮಾಡಿಸುವ ಮೆಂಬರು ಒಬ್ಬರು ಬೇಕಿತ್ತು. ನಮ್ಮ ಓಣಿಯ ಹೆಂಗಸರು ಬೇಸಿಗೆಯಲ್ಲಿ ಹೆದ್ದಾರಿ ದಾಟಿ ಬೋರಿಂಗು ಒತ್ತಿ ಕೊಡ ಹೊರುವವರು. ಕೈಕಾಲು ಮುರಿದುಕೊಂಡವರೂ ಇದ್ದಾರೆ. ಆ ಪೈಪು ನಮಗೆ ಬೇಕೇ ಬೇಕಿತ್ತು.

ಆ ಡಿಸೆಂಬರಿನಲ್ಲಿ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡಿಗೆ ಸಾಮಾನ್ಯ ಮಹಿಳೆ ಅಂತ ಬಂತು. ರೋಹಿಣಿ ನಾಮಪತ್ರ ಹಾಕಿದಳು.

ಎರಡು ದಿನ ಊರು ಸುಮ್ಮನಿತ್ತು. ಮೂರನೇ ದಿನ ನಮ್ಮ ಮಂದಿಗೆ ಎಚ್ಚರವಾಯಿತು. ಗೊಬ್ಬರದ ಅಂಗಡಿ ಶಂಭುಲಿಂಗನ ಹೆಂಡತಿ ಶಿವರಂಜನಿಯನ್ನು ನಿಲ್ಲಿಸಿದರು. ಹಾವೇರಿ ಕಡೆಯ ಹುಡುಗಿ, ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಎದುರಿಗೆ ಸಿಕ್ಕರೆ ನಗುತ್ತಿದ್ದಳು, ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಅವಳಿಗೆ ಪಂಚಾಯ್ತಿ ಆಫೀಸಿನ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ, ಗೆದ್ದ ಮೇಲೆ ಎಲ್ಲ ಗಂಡನೇ ನೋಡಿಕೊಳ್ಳುತ್ತಾನೆ ಎಂದು ಎಲ್ಲರೂ ರಾಜಾರೋಷವಾಗಿ ಹೇಳುತ್ತಿದ್ದರು. ಗುರುತು ಹಂಚಿದಾಗ ಅವಳಿಗೆ ಆಟೋ ಬಂತು, ರೋಹಿಣಿಗೆ ಹೊಲಿಗೆ ಯಂತ್ರ.

ಅದೇ ವಾರ, ಹಿಟ್ಟು ನಾದುತ್ತಾ ರೋಹಿಣಿ ಕೇಳಿದಳು, "ಅಕ್ಕಾ, ಐತ್ವಾರ ಒಂದ ತಾಸು ನನ್ನ ಜೋಡಿ ನಿಮ್ಮ ಓಣ್ಯಾಗ ಬರ್ತೀರೇನ್ರಿ? ನೀವೇನೂ ಮಾತಾಡೂದು ಬ್ಯಾಡ. ಬರೇ ಬಾಜೂಕ ನಿಂತ್ರ ಸಾಕು."

"ಬರ್ತೇನಿ ಬಿಡ. ಅದಕ್ಕ ಇಷ್ಟ್ಯಾಕ ಕೇಳ್ತಿ?" ಎಂದೆ.

"ಕೇಳಬೇಕಲ್ರಿ ಮತ್ತ. ನಾವು ಕೇರಿಯವ್ರು."

"ಏಯ್, ಹಂಗೆಲ್ಲಾ ಅನಬ್ಯಾಡ" ಎಂದು ಗದರಿದೆ. ಅವಳು ನಕ್ಕಳು. ಆ ದಿನ ರೊಟ್ಟಿ ತೆಳ್ಳಗೆ ಹಾಳೆಯಂತೆ ಬಂದವು.

ನಮ್ಮ ಓಣಿಯಲ್ಲಿ ಮೂವತ್ತೊಂದು ಹೆಂಗಸರ ವೋಟು. ಓಣಿಯ ಮೊದಲ ಮನೆ ನಮ್ಮದು. ಮೊದಲ ಮನೆಯಲ್ಲಿ ಏನಾಯಿತೋ ಅದೇ ಕೊನೆಯ ಮನೆಯ ತನಕ ಆಗುತ್ತದೆ. ಹಪ್ಪಳ ಯಾವ ದಿನ ಹಾಕಬೇಕು ಎಂಬುದೂ ಹಾಗೇ. ಇದು ರೋಹಿಣಿಗೆ ಗೊತ್ತಿತ್ತು. ನಮ್ಮ ಮಂದಿಯ ಹಿರಿಯ ದ್ಯಾಮಪ್ಪ ಕಾಕಾನಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾಕಾ ನಮ್ಮ ಮನೆಗೆ ಬಂದ. ಹಿಂದೆ ಶಂಭುಲಿಂಗ, ಅವನ ಹಿಂದೆ ತಲೆಮೇಲೆ ಸೆರಗು ಹೊದ್ದ ಶಿವರಂಜನಿ, ಅವಳ ಹಿಂದೆ ನಮ್ಮ ಓಣಿಯ ಏಳೆಂಟು ಹೆಂಗಸರು. ಗಂಡಸರು ಕಟ್ಟೆಯ ಮೇಲೆ ಕೂತರು. ಕಾಕಾ ಚಹಾ ಕುಡಿದು ಲೋಟ ಕೆಳಗಿಟ್ಟು ಹೇಳಿದ.

"ನೋಡವಾ ಗಿರಿಜಾ, ರೋಹಿಣಿ ಚಲೋ ಹುಡುಗಿ. ನಾ ಇಲ್ಲ ಅನ್ನೂದಿಲ್ಲ. ಆಕಿ ಕೈಯಾಗಿನ ರೊಟ್ಟಿ ನಾನೂ ತಿಂದೇನಿ. ಆದ್ರ ಅವ್ರಿಗೆ ಅವ್ರ ಮೀಸಲಾತಿ ಐತಿ, ಅವ್ರ ಸೀಟು ಬಂದಾಗ ನಿಲ್ಲಲಿ. ನಮ್ಮ ಸೀಟಿಗೆ ಯಾಕ ಕೈ ಹಾಕಬೇಕು?"

"ಇದು ಯಾರ ಸೀಟೂ ಅಲ್ಲ ಕಾಕಾ. ಎಲ್ಲಾರದು. ಮತ್ತ ನೀರಿನ ಪೈಪಿಗೆ ಓಡ್ಯಾಡಿದಾಕಿ ಆಕಿ."

"ಪೈಪು ಶಂಭು ಹಾಕಸ್ತಾನ, ಅದೇನ ದೊಡ್ಡ ಮಾತು? ನೀ ಒಂದ ವಿಚಾರ ಮಾಡು. ನಾಳೆ ಆಕಿ ಕುರ್ಚಿ ಮ್ಯಾಲೆ ಕುಂಡರತಾಳ. ನಾನು, ನಿನ್ನ ಗಂಡ, ಕೆಳಗ ನಿಂತು ಆಕಿಗೆ ಅರ್ಜಿ ಕೊಡಬೇಕು. ನಿನ್ನ ಕಣ್ಣಿಗೆ ಛಂದ ಕಾಣ್ತೈತೇನ?"

ಆಗ ನಾನು ಏನು ಹೇಳಬೇಕಿತ್ತು ಎಂಬುದು ಈಗ ಸಾವಿರ ಸಲ ಹೊಳೆದಿದೆ. ಆಪರೇಷನ್ ಆದಾಗ ನಾನು ಮಲಗಿದ್ದೆ, ಅವಳು ನಿಂತಿದ್ದಳು, ಆಗ ನಿಮ್ಮ ಕಣ್ಣಿಗೆ ಛಂದ ಕಂಡಿತೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ, ಸುಳ್ಳು ಹೇಳಿ ಏನು ಪ್ರಯೋಜನ, ಕಾಕಾ ಹೇಳಿದ ಆ ಕುರ್ಚಿ ನನ್ನ ಕಣ್ಣೆದುರು ಬಂತು. ಅದರ ಮೇಲೆ ರೋಹಿಣಿ ಕೂತಿದ್ದಳು. ನನ್ನ ಅಡುಗೆಮನೆಯ ರೋಹಿಣಿ, ಅದೇ ಕೂದಲು, ಅದೇ ಬಣ್ಣ. ಅವಳ ಎದುರು ನಾನು ಕಾಗದ ಹಿಡಿದು ನಿಂತಿದ್ದೆ. ನನ್ನ ಕಣ್ಣಿಗೂ ಅದು ಛಂದ ಕಾಣಲಿಲ್ಲ. ಲಾರಿ ಡ್ರೈವರನನ್ನು ಎಬ್ಬಿಸಿ ಕಳಿಸಲು ಹೊರಟಿದ್ದೆನಲ್ಲ, ಆ ಡ್ರೈವರು ನನ್ನೊಳಗೇ ಒಂದು ಮೂಲೆಯಲ್ಲಿ ಕೂತು ಊಟ ಮಾಡುತ್ತಿದ್ದ.

ಅಷ್ಟರಲ್ಲಿ ಹೆಂಗಸರು ಶಿವರಂಜನಿಯನ್ನು ಒಳಗೆ ಕರೆತಂದರು. ಪಡಸಾಲೆಯಲ್ಲಿ ಮಣೆ ಹಾಕಿ ಕೂಡಿಸಿಯೇಬಿಟ್ಟರು. ಸಿದ್ದವ್ವ ನನ್ನ ಕಿವಿಯಲ್ಲಿ, "ಮೊದಲನೇ ಸಲ ಹೊಸ್ತಿಲ ದಾಟ್ಯಾಳ, ಅದೂ ಶುಕ್ರವಾರ. ಉಡಿ ತುಂಬಬೇ" ಎಂದಳು.

ನಮ್ಮ ಕಡೆ ಹಾಗೆ. ಮನೆಗೆ ಬಂದ ಮುತ್ತೈದೆಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಖಣ ಇಟ್ಟು ಹರಸಿ ಕಳಿಸಬೇಕು. ತವರಿಗೆ ಬಂದ ಮಗಳಿಗೂ ಅದೇ, ದೇವಿಗೂ ಅದೇ. ಚುನಾವಣೆಯವರು ಇದನ್ನು ಚೆನ್ನಾಗಿ ಕಲಿತುಬಿಟ್ಟಿದ್ದಾರೆ. ಉಡಿ ತುಂಬಿದ ಮೇಲೆ ಆ ಮನೆಯ ವೋಟು ಬೇರೆ ಕಡೆ ಹೋಗುವುದಿಲ್ಲ. ತುಂಬಿದ ಕೈಯಿಂದಲೇ ಕಿತ್ತುಕೊಂಡರೆ ಒಳ್ಳೆಯದಾಗುವುದಿಲ್ಲ ಎಂಬ ಹೆದರಿಕೆ. ಕಾಕಾ ಶುಕ್ರವಾರವೇ ಬಂದದ್ದು, ನಮ್ಮ ಮನೆಗೇ ಮೊದಲು ಬಂದದ್ದು, ಎಲ್ಲ ಲೆಕ್ಕ ಹಾಕಿಯೇ.

ಗೊತ್ತಿದ್ದೂ ಒಳಗೆ ಹೋದೆ. ಮೊರದಲ್ಲಿ ಅಕ್ಕಿ ತಂದೆ. ಟ್ರಂಕಿನಿಂದ ಖಣ ತೆಗೆದೆ. ಶಿವರಂಜನಿ ಸೆರಗು ಒಡ್ಡಿ ತಲೆ ತಗ್ಗಿಸಿ ಕೂತಿದ್ದಳು. ಐದು ಬೊಗಸೆ ಹಾಕುವಷ್ಟರಲ್ಲಿ ಅವಳು ಎರಡು ಸಲ ಸೆರಗು ಹಿಂದಕ್ಕೆ ಎಳೆದುಕೊಂಡಳು. ಹೊಸಬಳು, ನಾಚಿಕೆ ಎಂದುಕೊಂಡೆ. ಹೊರಗೆ ಕಾಕಾ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಆತಲ್ಲ, ಇನ್ನ ಮುಂದಿನ ಮನಿ" ಎಂದ. ಸಂಜೆಯೊಳಗೆ ಓಣಿಯ ಎಲ್ಲ ಮನೆಗಳಲ್ಲೂ ಅವಳ ಉಡಿ ತುಂಬಿತು.

ಹನ್ನೊಂದು ವರ್ಷದಲ್ಲಿ ರೋಹಿಣಿಯ ಉಡಿ ನಾನು ಒಮ್ಮೆಯೂ ತುಂಬಿರಲಿಲ್ಲ. ಪಂಚಮಿಗೆ ಸೀರೆ ಕೊಟ್ಟಿದ್ದೇನೆ, ದೀಪಾವಳಿಗೆ ಕೊಟ್ಟಿದ್ದೇನೆ, ಅವಳ ಮಗಳಿಗೆ ಬೆಳ್ಳಿ ಗೆಜ್ಜೆ ಕೊಟ್ಟಿದ್ದೇನೆ. ಎಲ್ಲ ಅಡುಗೆಮನೆಯಲ್ಲಿ, ಕೈಯಿಂದ ಕೈಗೆ. ಅವಳನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಬೇಕು ಎಂಬುದು ನನ್ನ ತಲೆಗೆ ಬಂದೇ ಇರಲಿಲ್ಲ. ಬೇಡ ಎಂದು ತಳ್ಳಿಹಾಕಿದ್ದರೆ ಅದೊಂದು ಮಾತು. ಬಂದೇ ಇರಲಿಲ್ಲ!

ಭಾನುವಾರ ಬೆಳಿಗ್ಗೆ ರೋಹಿಣಿ ಬಂದಾಗ ನಾನು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದೆ. "ಮೊಳಕಾಲು ಹಿಡದಾವಬೇ. ಎದ್ದ ನಿಲ್ಲಾಕ ಆಗವಲ್ದು" ಎಂದೆ. ಓಣಿಯಲ್ಲಿ ಉಡಿ ತುಂಬಿದ್ದು ಅವಳಿಗೆ ಗೊತ್ತಿರಲಿಲ್ಲವೇ? ಇಡೀ ಊರಿಗೆ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. "ಮಲಕೋರಿ ಅಕ್ಕಾ, ನಾ ಹೋಗಿ ಬರ್ತೇನಿ" ಎಂದಳು.

ಕಿಟಕಿಯಿಂದ ನೋಡುತ್ತಿದ್ದೆ. ಅವಳು, ಅವಳ ಗಂಡ ಮಾದೇವ, ಕೇರಿಯ ಇಬ್ಬರು ಹೆಂಗಸರು. ಪ್ರತಿ ಮನೆಯ ಕಟ್ಟೆಯ ಕೆಳಗೆ ನಿಂತು ಕೈಮುಗಿದು ಚೀಟಿ ಕೊಡುತ್ತಿದ್ದರು. ಯಾರೂ ಬೈಯಲಿಲ್ಲ, ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ನಮ್ಮ ಮಂದಿ ಮರ್ಯಾದಸ್ಥರು ನೋಡಿ, ನಕ್ಕು, "ಆತು ತಗೋ ರೋಹಿಣಿ" ಎಂದರು. ಒಳಗೆ ಬಾ ಎಂದು ಮಾತ್ರ ಯಾರೂ ಅನ್ನಲಿಲ್ಲ. ಸಿದ್ದವ್ವ, "ಗಿರಿಜವ್ವ ಎಲ್ಲಿ? ಬರತಾಳ ಅಂದಿದ್ದೆಲ್ಲ?" ಎಂದು ಕೇಳಿದ್ದು ನನಗೆ ಕೇಳಿಸಿತು. "ಅಕ್ಕಗ ಮೊಳಕಾಲು ಭಾಳ ನೋಯಾಕತ್ತಾವ್ರಿ" ಎಂದಳು ರೋಹಿಣಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ನನ್ನ ಮಾನ ಕಾಯ್ದಳು. ಸಂಜೆ ಕಾಡಿನಿಂದ ಲಕ್ಕಿ ಸೊಪ್ಪು ತಂದು ಬಿಸಿನೀರಿಗೆ ಹಾಕಿ, ನೋವೇ ಇಲ್ಲದ ನನ್ನ ಮೊಳಕಾಲಿಗೆ ಕಾವು ಕೊಟ್ಟಳು. ನಾನು ಕೊಡಿಸಿಕೊಂಡೆ. ನನ್ನಂಥ ಹೆಂಗಸಿಗೆ ಏನು ಹೇಳಬೇಕು ಹೇಳಿ.

ವೋಟಿನ ದಿನ ಮರೆಗೆ ಹೋಗಿ ನಿಂತೆ. ಒಂದೇ ಕಾಗದ, ಎರಡು ಗುರುತು. ಅಲ್ಲಿ ಕಾಕಾ ಇರಲಿಲ್ಲ, ಓಣಿ ಇರಲಿಲ್ಲ, ನಾನು ಯಾವುದರ ಮೇಲೆ ಮುದ್ರೆ ಒತ್ತಿದರೂ ಒಂದು ನರಪಿಳ್ಳೆಗೂ ಗೊತ್ತಾಗುವಂತಿರಲಿಲ್ಲ. ಹೊಲಿಗೆ ಯಂತ್ರದ ಮೇಲೆ ಮುದ್ರೆ ಹಿಡಿದವಳು ಕೈ ಸರಿಸಿದೆ. ಉಡಿ ತುಂಬಿದ್ದೇನೆ, ಹರಸಿದ ಮಾತು ಸುಳ್ಳಾಗಬಾರದು ಎಂದು ಮನಸ್ಸಿಗೆ ಹೇಳಿಕೊಂಡೆ. ದೇವರ ಹೆಸರು ಬೇರೆ ತಂದೆ. ಆಟೋದ ಮೇಲೆ ಒತ್ತಿ ಮಡಚಿ ಪೆಟ್ಟಿಗೆಗೆ ಹಾಕಿದೆ.

ಯಲ್ಲಾಪುರದಲ್ಲಿ ಎಣಿಕೆಯಾಯಿತು. ಶಿವರಂಜನಿಗೆ ನೂರಾ ತೊಂಬತ್ತೇಳು, ರೋಹಿಣಿಗೆ ನೂರಾ ಎಂಬತ್ಮೂರು. ಶಂಭುಲಿಂಗನ ಕೊರಳಿಗೆ ಹಾರ ಹಾಕಿ ಮೆರವಣಿಗೆ ಮಾಡಿದರು. ಗೆದ್ದವಳು ಮನೆಯಲ್ಲಿದ್ದಳು.

ಮರುದಿನ ರೋಹಿಣಿ ಎಂದಿನಂತೆ ಕೆಲಸಕ್ಕೆ ಬಂದಳು. ನಾನು ಏನೋ ತೊದಲಿದೆ. ಅವಳು, "ಬಿಡ್ರಿ ಅಕ್ಕಾ, ನೀವ್ಯಾಕ ಮನಸಿಗೆ ಹಚ್ಚಿಕೋತೀರಿ. ನೀವು ಮಾಡೂದು ಮಾಡೀರಿ" ಎಂದಳು. ಚುಚ್ಚಿ ಹೇಳಿದಳೋ ಎಂದು ದನಿಯನ್ನು ಕಿವಿಗೊಟ್ಟು ಕೇಳಿದೆ. ಚುಚ್ಚಿರಲಿಲ್ಲ. ಅದು ನನಗೆ ಅರ್ಥವಾಗಲಿಲ್ಲ. ದೊಡ್ಡ ಮನಸ್ಸು, ಕ್ಷಮಿಸಿದ್ದಾಳೆ ಎಂದು ಆರಾಮಾದೆ. ಅವಳು ಮೊದಲಿನಂತೆಯೇ ಅಕ್ಕಾ ಅಕ್ಕಾ ಎನ್ನುತ್ತಾ, ನಗಿಸುತ್ತಾ ಕೆಲಸ ಮಾಡಿದಳು.

ಪಂಚಾಯ್ತಿ ಸಭೆಗೆ ಶಂಭುಲಿಂಗ ಹೋಗುತ್ತಿದ್ದ, ಶಿವರಂಜನಿ ಸಹಿ ಮಾಡುತ್ತಿದ್ದಳು. ನೀರಿನ ಮಾತೆತ್ತಿದರೆ "ಆಗ್ತೈತಿ ಆಗ್ತೈತಿ" ಎನ್ನುತ್ತಿದ್ದ. ಒಂದು ಬೇಸಿಗೆ ಹೋಯಿತು, ಎರಡನೆಯದೂ ಬಂತು. ಆ ಮಾರ್ಚಿನ ಸಭೆಗೆ ಅವನಿಗೆ ಹೋಗಲಾಗಲಿಲ್ಲ, ಹುಬ್ಬಳ್ಳಿಗೆ ಟ್ರ್ಯಾಕ್ಟರ್ ತರಲು ಹೋಗಿದ್ದ. ಹೆಂಡತಿಯನ್ನು ಒಬ್ಬಳೇ ಕಳಿಸಿದ. ಅಂದೇ ಪೈಪಿನ ವಿಷಯ ಬಂತು. ಬೇರೆ ವಾರ್ಡಿನವರು ಆ ಕೆಲಸ ನಮಗಿರಲಿ ಎಂದರಂತೆ. ನಿಮ್ಮ ವಾರ್ಡಿನದೇನಾದರೂ ತಕರಾರು ಇದೆಯಾ ಎಂದು ಅಧ್ಯಕ್ಷರು ಮೂರು ಸಲ ಕೇಳಿದರಂತೆ. ಇವಳು ಬಾಯಿ ಬಿಡಲಿಲ್ಲ. ಪೈಪು ಹೋಯಿತು.

ಮರುದಿನ ಮಧ್ಯಾಹ್ನ, ಊಟದವರೆಲ್ಲ ಎದ್ದುಹೋದ ಮೇಲೆ, ಶಿವರಂಜನಿ ಖಾನಾವಳಿಗೆ ಬಂದಳು. ಒಬ್ಬಳೇ. ನಾನು ಉರಿದುಕೊಂಡು ಕೂತಿದ್ದೆ.

"ಏನವಾ ಮೆಂಬರ, ಬಾಯಾಗ ಏನ ಇಟ್ಟಕೊಂಡ ಕುಂತಿದ್ದಿ ನಿನ್ನೆ?"

ಅವಳು ಬೆಂಚಿನ ತುದಿಯಲ್ಲಿ ಕೂತಳು. ಕಣ್ಣಲ್ಲಿ ನೀರು. "ಗಿರಿಜಕ್ಕಾ, ಗಂಡಸರ ನಡುವ ನನ್ನ ಬಾಯಿ ಒಣಗತೈತ್ರಿ. ನಾ ನಿಲ್ಲೂದಿಲ್ಲ ಅಂತ ಕೈಮುಗದು ಹೇಳಿದ್ದೆ. ಯಾರೂ ಕೇಳಲಿಲ್ಲ. ಆದ್ರೂ ನನಗ ಧೈರ್ಯ ಇತ್ತು, ನಾ ಸೋಲ್ತೇನಿ ಅಂತ."

"ಸೋಲ್ತೇನಿ ಅಂತ ಧೈರ್ಯ?"

"ಹೌದ್ರಿ. ಹನ್ನೊಂದು ವರ್ಷ ರೋಹಿಣಿ ನಿಮ್ಮ ಕಡೆ ಇದ್ದಾಕಿ. ನೀವು ಆಕೀನ ಬಿಟ್ಟಕೊಡೂದಿಲ್ಲ, ನಿಮ್ಮ ಓಣಿ ಆಕಿ ಕಡೇನ ಅಂತ ನಂಬಿದ್ದೆ. ನೀವು ಅಕ್ಕಿ ತಂದು ನನ್ನ ಮುಂದ ನಿಂತಾಗ ಎದಿ ಧಸಕ್ ಅಂತ್ರಿ." ಅವಳು ಮೂಗು ಒರೆಸಿಕೊಂಡಳು. "ನಾನೂ ಆಕಿಗೇ ಹಾಕಿದ್ದೆ ಅಕ್ಕಾ. ನನ್ನ ಹೆಸರ ಮ್ಯಾಲೆ ಒತ್ತಾಕ ಮನಸ ಬರಲಿಲ್ಲ. ಆ ಪೈಪು ಆಕಿಗಷ್ಟ ತರಾಕ ಆಗ್ತಿತ್ತು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತೋ ನನಗೆ ಗೊತ್ತಾಗಿರಲಿಲ್ಲ. ರೋಹಿಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಗೆಲ್ಲ ಹಿಟ್ಟು.

"ಹಂಗಾರ ಅದು ನಿಮ್ಮದೇನ್ರಿ?" ಎಂದು ಶಿವರಂಜನಿಯನ್ನು ಕೇಳಿದಳು.

"ಯಾವ್ದು?"

"ನಮ್ಮ ಕೇರೀದು, ಬಾಜೂಕಿನ ಗೌಳಿಗರ ವಾಡದ್ದು, ನನಗ ಮಾತು ಕೊಟ್ಟಿದ್ದ ಎಲ್ಲಾ ವೋಟು ಕೂಡಿಸಿದ್ರ ನೂರಾ ಎಂಬತ್ತೆರಡು ಆಗ್ತಾವ. ಒಂದೊಂದ ಮನಿ ಗೊತ್ತು ನನಗ. ಬಂದದ್ದು ಎಂಬತ್ಮೂರು. ಒಂದ ಹೆಚ್ಚಿಗಿ ಬಂದಿತ್ತು."

ಅವಳು ಅಷ್ಟು ಹೇಳಿ ನನ್ನ ಕಡೆ ತಿರುಗಿದಳು. ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದಳು, ಸಿಟ್ಟಿಲ್ಲದೆ, ಮಗುವಿಗೆ ಲೆಕ್ಕ ತಿಳಿಸುವಂತೆ.

"ಅಕ್ಕ ಎಲ್ಲಾರ ಮುಂದ ಉಡಿ ತುಂಬ್ಯಾರ, ಅವರದೇನೋ ತ್ರಾಸಿತ್ತು, ಆದ್ರ ಒಳಗ ಹೋಗಿ ನನಗ ಒತ್ಯಾರ ಅಂತ ತಿಳಕೊಂಡಿದ್ದೆ. ನಮ್ಮ ಮಾದೇವನ ಜೋಡಿ ಜಗಳಾನೂ ಮಾಡಿದ್ದೆ. ಅವ ಆ ಖಾನಾವಳಿ ಬಿಡು ಅಂದ. ಬಿಡೂದಿಲ್ಲ, ಆ ಒಂದು ವೋಟು ಅಕ್ಕಂದು ಅಂದೆ."

ಇಲ್ಲ ರೋಹಿಣಿ, ಅದು ನನ್ನದೇ, ಇವಳು ಸುಳ್ಳು ಹೇಳುತ್ತಿದ್ದಾಳೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅಷ್ಟು ನೀಚಳಾಗಿದ್ದೆ. ಅವಳ ಕಣ್ಣು ನೋಡಿ ನುಂಗಿಕೊಂಡೆ. "ತಪ್ಪಾತವಾ" ಎಂದೆ. ಅವಳು, "ಹಂಚು ಕಾದೈತಿ" ಎಂದು ಒಳಗೆ ಹೋದಳು.

ಮರುದಿನವೂ ಕೆಲಸಕ್ಕೆ ಬಂದಳು, ಇವತ್ತೂ ಬಂದಿದ್ದಾಳೆ. ಮನೆ ನಡೆಯಬೇಕಲ್ಲ. ರೊಟ್ಟಿಯಲ್ಲಿ ವ್ಯತ್ಯಾಸವಿಲ್ಲ, ಹೇಳಿದ ಕೆಲಸದಲ್ಲಿ ವ್ಯತ್ಯಾಸವಿಲ್ಲ. ಅಕ್ಕಾ ಎಂದು ಕರೆಯುವುದನ್ನು ಮಾತ್ರ ಬಿಟ್ಟಿದ್ದಾಳೆ. ಈಗ ಗಿರಿಜವ್ವಾರ ಎನ್ನುತ್ತಾಳೆ. ಊರಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಅದರಲ್ಲಿ ತಪ್ಪು ಹುಡುಕಲು ಬರುವುದಿಲ್ಲ.